ಒಂಬತ್ತು ಪುಟಗಳಲ್ಲಿ ಇಲ್ಲದ ಹೆಸರು

ಪ್ರಿಯ ಕಿರಿಯ ಮಿತ್ರನಿಗೆ,

ಏಕವಚನದಲ್ಲಿಯೇ ಕರೆಯಬೇಕೆಂದು ಹಟ ಹಿಡಿದವನು ನೀನು. ಆದ್ದರಿಂದ ಈ ಪತ್ರದಲ್ಲಿ ಬರುವ ಗದರಿಕೆಯನ್ನೂ ಅದೇ ಸಲುಗೆಯಿಂದ ಸ್ವೀಕರಿಸಬೇಕು. ನಿನ್ನ ಒಂಬತ್ತು ಪುಟಗಳ ಪತ್ರ, ನಾಟಕದ ಹಸ್ತಪ್ರತಿ, ಪ್ರಶಸ್ತಿ ಸಮಿತಿಗೆ ಸಲ್ಲಿಸಲು ನೀನು ಸಿದ್ಧಪಡಿಸಿರುವ ಮನವಿಯ ಕರಡು, ಈ ಮೂರನ್ನೂ ಓದಿದ್ದೇನೆ. ನಾಟಕವನ್ನಂತೂ ಎರಡು ಸಲ ಓದಿದೆ. ಎರಡನೆಯ ಅಂಕದಲ್ಲಿ ತಾಯಿಯ ಪಾತ್ರ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಹಾಡಿಗೆ ಹೊರಳುವ ಕಡೆ ಹಾಳೆಗಳನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸಂಭಾಷಣೆಯನ್ನು ಹೇಗೆ ಬಿಗಿಗೊಳಿಸಬೇಕು, ಅಂಕವನ್ನು ಎಲ್ಲಿ ಮುಗಿಸಬೇಕು ಎಂಬ ನಿನ್ನ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಅದನ್ನೆಲ್ಲ ತಾಲೀಮು ನಿನಗೆ ಕಲಿಸಿದೆ, ಇನ್ನೂ ಕಲಿಸುತ್ತದೆ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ನೂರು ಪ್ರದರ್ಶನಗಳನ್ನು ದಾಟಿದ, ಟಿಕೆಟ್ ಸಿಗದೆ ಜನ ಬಾಗಿಲಿನಿಂದ ಹಿಂದಿರುಗಿದ ಸಂಗೀತ ನಾಟಕವೊಂದನ್ನು ಸಮಿತಿಯು ‘ಸ್ವತಂತ್ರ ಕೃತಿ’ ವಿಭಾಗಕ್ಕೆ ಅರ್ಹವಲ್ಲವೆಂದು ಪಕ್ಕಕ್ಕಿಟ್ಟಿದೆ. ಹದಿನಾಲ್ಕು ಹಾಡುಗಳಲ್ಲಿ ನಾಲ್ಕರ ಮಟ್ಟುಗಳು ನಾಟಕ ಹುಟ್ಟುವ ಮೊದಲೇ ಬೇರೆಡೆ ಕೇಳಿಬಂದಿದ್ದವು ಎಂಬುದು ಅದಕ್ಕೆ ಕೊಟ್ಟ ಕಾರಣ. ‘ಜನ ಒಪ್ಪಿದ್ದನ್ನು ನಿಯಮ ಒಪ್ಪುವುದಿಲ್ಲವೇ?’ ಎಂದು ಕೇಳಿದ್ದೀಯೆ. ಒಪ್ಪದಿರುವುದೇ ಹೆಚ್ಚು. ನ್ಯೂಯಾರ್ಕಿನಲ್ಲಿ 1947ರಿಂದ ರಂಗಭೂಮಿಗೆ ಕೊಡಲಾಗುತ್ತಿರುವ ಟೋನಿ ಪ್ರಶಸ್ತಿಗೆ ಪರಿಗಣಿತವಾಗಬೇಕಾದರೆ ನಾಟಕವು ಐನೂರು ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ, ಆ ಊರಿನ ದೊಡ್ಡ ರಂಗಮಂದಿರಗಳ ಸಮೂಹವಾದ ಬ್ರಾಡ್‌ವೇಯದೆಂದು ಗುರುತಿಸಲಾದ ರಂಗಮಂದಿರದಲ್ಲಿ, ಆ ಸಾಲಿನ ಗಡುವಿನೊಳಗೆ ಆರಂಭವಾಗಿರಬೇಕು. ‘ಹ್ಯಾಮಿಲ್ಟನ್’ ಎಂಬ ಸಂಗೀತ ನಾಟಕ 2015ರ ಫೆಬ್ರವರಿಯಲ್ಲಿ, ಬ್ರಾಡ್‌ವೇಯ ಹೊರಗಿನ ಪಬ್ಲಿಕ್ ಥಿಯೇಟರಿನಲ್ಲಿ, ತೆರೆಕಂಡಾಗಲೇ ಟಿಕೆಟ್ಟಿಗೆ ನೂಕುನುಗ್ಗಲು. ಆದರೂ ಬ್ರಾಡ್‌ವೇಗೆ ಬರದಿದ್ದ ಕಾರಣ ಆ ವರ್ಷದ ಟೋನಿಯ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಆಗಸ್ಟ್ 6ರಂದು ಅಲ್ಲಿ ತೆರೆಕಂಡಿತು, 2016ರಲ್ಲಿ 16 ನಾಮನಿರ್ದೇಶನಗಳನ್ನೂ 11 ಪ್ರಶಸ್ತಿಗಳನ್ನೂ ಪಡೆಯಿತು. ಫೆಬ್ರವರಿಯ ಪ್ರೇಕ್ಷಕರು ನೋಡಿದ್ದೂ ಅದೇ ನಾಟಕವನ್ನು. ಇನ್ನು ಹಳೆಯ ಹಾಡುಗಳ ವಿಷಯ: 2019–20ರ ಸಾಲಿನಲ್ಲಿ ಶ್ರೇಷ್ಠ ಸಂಗೀತ ನಾಟಕದ ಸ್ಪರ್ಧೆಯಲ್ಲಿದ್ದ ಮೂರೂ ನಾಟಕಗಳು ಬಹುಪಾಲು ಮೊದಲೇ ಜನಪ್ರಿಯವಾಗಿದ್ದ ಹಾಡುಗಳ ಮೇಲೆ ನಿಂತಿದ್ದವು, ಅವು ಮೂಲ ಸಂಗೀತದ ವಿಭಾಗಕ್ಕೆ ಸೇರಲಿಲ್ಲ, ಆ ವಿಭಾಗಕ್ಕೆ ಆಯ್ಕೆಯಾದ ಐದೂ ಮಾತಿನ ನಾಟಕಗಳೇ. ಸಂಗೀತ ನಾಟಕಗಳ ಊರಿನಲ್ಲಿ ಸಂಗೀತದ ಬಹುಮಾನಕ್ಕೆ ಒಂದೂ ಸಂಗೀತ ನಾಟಕ ನಿಲ್ಲಲಿಲ್ಲ. ನಿಯಮವೆಂದರೆ ಹೀಗೆಯೇ. ಅದರ ಮೇಲೆ ಸಿಟ್ಟಾಗುವುದು ಮಳೆಯ ಮೇಲೆ ಸಿಟ್ಟಾದಂತೆ, ನೆನೆಯುವುದು ಮಾತ್ರ ತಪ್ಪುವುದಿಲ್ಲ.

ನಿನ್ನ ಸೋಲು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ನಿನ್ನ ಮನವಿಯ ಮೂರನೆಯ ಪರಿಚ್ಛೇದ. ಅಲ್ಲಿ ನೀನು ಬರೆದಿದ್ದೀಯೆ: ‘ಈ ನಾಟಕದ ಜೀವಾಳ ಅದರ ಮಾತು; ಹಾಡುಗಳು ಅಲಂಕಾರಕ್ಕಾಗಿ ಸೇರಿದವು; ಅಗತ್ಯವೆನಿಸಿದರೆ ಆ ನಾಲ್ಕು ಮಟ್ಟುಗಳನ್ನು ಬೇರೆಯವರಿಂದ ಹೊಸದಾಗಿ ಮಾಡಿಸಲು ಸಿದ್ಧನಿದ್ದೇನೆ.’ ಇದನ್ನು ಓದಿದ ಮೇಲೆ ನಿನ್ನ ಪತ್ರವನ್ನು ಮತ್ತೆ ಮೊದಲಿನಿಂದ ತಿರುವಿಹಾಕಿದೆ. ನಿರ್ದೇಶಕರ ಹೆಸರಿದೆ, ಹೊಗಳಿದ ವಿಮರ್ಶಕರ ಹೆಸರುಗಳಿವೆ, ನನ್ನ ಹೆಸರು, ನಾಚಿಕೆಯಾಗುವಷ್ಟು, ಏಳು ಸಲ ಬಂದಿದೆ. ಹದಿನಾಲ್ಕು ಹಾಡುಗಳಿಗೆ ಮಟ್ಟು ಕಟ್ಟಿದವರನ್ನು ಒಮ್ಮೆ ‘ಸಂಗೀತದವರು’ ಎಂದು ಕರೆದು ಮುಂದೆ ಹೋಗಿದ್ದೀಯೆ. ಅವರ ಹೆಸರನ್ನು ನಾನು ಹಸ್ತಪ್ರತಿಗೆ ಅಂಟಿಕೊಂಡು ಬಂದ ಭಿತ್ತಿಪತ್ರದ ಕೆಳಅಂಚಿನಲ್ಲಿ ಹುಡುಕಿ ಓದಿಕೊಂಡೆ. ಇಲ್ಲಿ ಬರೆಯುವುದಿಲ್ಲ, ಮೊದಲು ನೀನು ಬರೆಯಬೇಕು.

1932ರಲ್ಲಿ ಅಮೆರಿಕದ ಪುಲಿಟ್ಜರ್ ನಾಟಕ ಪ್ರಶಸ್ತಿ ಮೊದಲ ಬಾರಿಗೆ ಒಂದು ಸಂಗೀತ ನಾಟಕಕ್ಕೆ ಬಂತು, ‘ಆಫ್ ದೀ ಐ ಸಿಂಗ್’ ಎಂಬುದಕ್ಕೆ. ಮಾತು ಬರೆದ ಕಾಫ್‌ಮನ್ ಮತ್ತು ರಿಸ್ಕಿಂಡ್ ಅವರಿಗೂ ಹಾಡುಗಳ ಪದ ಬರೆದ ಐರಾ ಗರ್ಶ್ವಿನ್ನರಿಗೂ ಗೌರವ ಸಂದಿತು. ಸಂಗೀತ ಕೊಟ್ಟವರು ಐರಾ ಅವರ ತಮ್ಮ ಜಾರ್ಜ್. ಪ್ರಶಸ್ತಿ ನಾಟಕ ಸಾಹಿತ್ಯಕ್ಕೆ ಮೀಸಲಾದದ್ದು, ಸ್ವರಗಳು ಸಾಹಿತ್ಯವಲ್ಲ, ಆದ್ದರಿಂದ ಜಾರ್ಜ್ ಪಟ್ಟಿಯಲ್ಲಿಲ್ಲ. ಅಣ್ಣನ ಪದಗಳನ್ನು ತಮ್ಮನ ಸ್ವರದಿಂದ ಬಿಡಿಸಿ ತೂಗಿದ ಆ ತಕ್ಕಡಿಯನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಆ ಪದಗಳನ್ನು ಯಾರಾದರೂ ಸ್ವರವಿಲ್ಲದೆ ನೆನಪಿಸಿಕೊಳ್ಳಬಲ್ಲರೇ? ಜಾರ್ಜ್ 1937ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪುಲಿಟ್ಜರ್ ಮಂಡಳಿ ಅವರಿಗೆ ವಿಶೇಷ ಗೌರವ ಸಲ್ಲಿಸಿದ್ದು 1998ರಲ್ಲಿ, ಜನ್ಮಶತಮಾನೋತ್ಸವದ ವರ್ಷ. ಅಷ್ಟರಲ್ಲಿ, 1950ರಲ್ಲಿ ‘ಸೌತ್ ಪೆಸಿಫಿಕ್’ ಗೆದ್ದಾಗ ಸಂಯೋಜಕ ರಿಚರ್ಡ್ ರಾಜರ್ಸ್ ಅವರ ಹೆಸರು ಪಟ್ಟಿಯೊಳಗೆ ಬಂದಿತ್ತು ಎಂಬುದು ಸಮಾಧಾನ. ಆದರೆ ಅದೇ ‘ಸೌತ್ ಪೆಸಿಫಿಕ್’ನ ಮಟ್ಟುಗಳನ್ನು ವಾದ್ಯವೃಂದಕ್ಕೆ ಹಂಚಿ ಬರೆದ ರಾಬರ್ಟ್ ರಸೆಲ್ ಬೆನೆಟ್? ಆ ಕೆಲಸಕ್ಕೆ ಟೋನಿಯಲ್ಲಿ ಒಂದು ವಿಭಾಗ ತೆರೆದದ್ದೇ 1997ರಲ್ಲಿ. ಬೆನೆಟ್ ಸತ್ತದ್ದು 1981ರಲ್ಲಿ, ಅವರಿಗೆ ವಿಶೇಷ ಟೋನಿ ಬಂದದ್ದು 2008ರಲ್ಲಿ. ಹೋಗಲಿ, ‘ಶ್ರೇಷ್ಠ ಸಂಗೀತ ನಾಟಕ’ ಎಂಬ ಆ ದೊಡ್ಡ ಟೋನಿಯನ್ನೇ ಈಗ ವೇದಿಕೆಗೆ ಹೋಗಿ ಪಡೆಯುವವರು ನಿರ್ಮಾಪಕರು ಎಂಬುದು ನಿನಗೆ ತಿಳಿದಿದೆಯೇ?

ಸಮಿತಿಗಳು ಹೀಗೆ ಮಾಡುವುದು ಅಜ್ಞಾನದಿಂದ ಎಂದುಕೊಳ್ಳಬೇಡ. ನಾನೇ ಒಂದೆರಡು ತೀರ್ಪುಗಾರರ ಮಂಡಳಿಗಳಲ್ಲಿ ಕುಳಿತಿದ್ದೇನೆ. ಒಮ್ಮೆ ಐದು ಸಂಗೀತ ನಾಟಕಗಳ ಅಚ್ಚಾದ ಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದು ಹಾಡನ್ನೂ ಕೇಳದೆ, ಹಾಡುಗಳನ್ನು ಪದ್ಯಗಳಂತೆ ಓದಿ ತಲೆದೂಗಿ ತೀರ್ಮಾನ ಕೊಟ್ಟೆವು. ಕೇಳಿಸಿರಿ ಎನ್ನಲು ನನಗೆ ಬಾಯಿತ್ತು. ಸಂಜೆಯಾಗುತ್ತಿತ್ತು, ಎಲ್ಲರಿಗೂ ಮನೆಗೆ ಹೋಗುವ ಆತುರವಿತ್ತು, ನನಗೂ ಇತ್ತು.

ಅದಕ್ಕಿಂತ ಹಳೆಯದೊಂದನ್ನು ಹೇಳಿಬಿಡುತ್ತೇನೆ. ನಿನ್ನ ವಯಸ್ಸಿನಲ್ಲಿ ನಾನು ಬರೆದ ನಾಟಕವೊಂದು ಓಡಿತು. ಅದರ ಹಾಡುಗಳಿಗೆ ಮಟ್ಟು ಹಾಕಿದವರು ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಹೆಣ್ಣುಮಗಳು. ತಾಲೀಮಿನಲ್ಲಿ ಹಾರ್ಮೋನಿಯಂ ಮುಂದೆ ಕುಳಿತು ನನ್ನ ಸಾಲುಗಳಿಂದ ಹೆಚ್ಚಿನ ಪದಗಳನ್ನು ಕಲ್ಲು ಆರಿಸಿದಂತೆ ಆರಿಸಿ ತೆಗೆಯುತ್ತಿದ್ದರು. ಪ್ರತಿ ಪ್ರದರ್ಶನದಲ್ಲಿಯೂ ಜನ ‘ಒನ್ಸ್ ಮೋರ್’ ಎಂದದ್ದು ಹಾಡುಗಳಿಗೆ. ನನ್ನ ಸಂಭಾಷಣೆಯನ್ನು ಯಾರೂ ಎರಡನೆಯ ಸಲ ಕೇಳಬಯಸಲಿಲ್ಲ. ವರ್ಷದ ಶ್ರೇಷ್ಠ ನಾಟಕ ರಚನೆಯೆಂದು ಬಹುಮಾನ ಬಂದಾಗ ನಾನು ವೇದಿಕೆಯಲ್ಲಿ ಗುರುಗಳನ್ನು, ತಂದೆಯವರನ್ನು, ತೀರ್ಪುಗಾರರನ್ನು, ಕೊನೆಗೆ ದೀಪ ಹಚ್ಚಿದವರನ್ನು ಸಹ ನೆನೆದೆ. ಆ ಹೆಣ್ಣುಮಗಳು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಮರೆವು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಮರೆವಾಗಿರಲಿಲ್ಲ, ಬಹುಮಾನ ರಚನೆಗೆ ಬಂದಿರುವಾಗ ಅವರ ಹೆಸರೆತ್ತಿದರೆ ನನ್ನ ಪಾಲು ಕಡಿಮೆಯಾಗಿ ಕಂಡೀತೆಂಬ ಲೆಕ್ಕಾಚಾರ ಅದು. ಕಾರ್ಯಕ್ರಮ ಮುಗಿದ ಮೇಲೆ ಅವರು ಹತ್ತಿರ ಬಂದು ಫಲಕವನ್ನು ನೋಡಿ, ‘ಭಾರವಿದೆಯೇ?’ ಎಂದು ಕೇಳಿದರು. ಬೇರೇನನ್ನೂ ಹೇಳಲಿಲ್ಲ. ಮುಂದಿನ ನಾಟಕವನ್ನು ಹಿಡಿದುಕೊಂಡು ಅವರ ಮನೆಗೆ ಹೋದಾಗ ಕೈನೋವೆಂದರು. ಕೈನೋವಿರುವವರು ಆ ವರ್ಷ ಇನ್ನಿಬ್ಬರ ನಾಟಕಗಳಿಗೆ ಮಟ್ಟು ಹಾಕಿದರು. ನನ್ನ ಪುಸ್ತಕದ ಮೂರನೆಯ ಮುದ್ರಣದಲ್ಲಿ ಮೊದಲ ಪುಟದಲ್ಲಿಯೇ ಅವರ ಹೆಸರಿದೆ. ಅದು ಅಚ್ಚಾಗುವ ಹೊತ್ತಿಗೆ ಅವರು ಇರಲಿಲ್ಲ. ಗರ್ಶ್ವಿನ್ನರ ವಿಷಯದಲ್ಲಿ ಪುಲಿಟ್ಜರ್ ಮಂಡಳಿಯನ್ನು ನಾನು ಜೋರಾಗಿ ಬೈಯುವುದಿಲ್ಲವೇಕೆಂದು ಈಗ ನಿನಗೆ ತಿಳಿಯಿತಲ್ಲ.

ಆದ್ದರಿಂದ ನಿನ್ನ ಮನವಿಗೆ ನಾನು ಸಹಿ ಹಾಕಿಲ್ಲ. ನೀನು ಬರೆದಿರುವುದು ಸುಳ್ಳು. ನಿನಗೆ ಅದು ಸುಳ್ಳೆಂದು ಗೊತ್ತಿದೆ, ಏಕೆಂದರೆ ನನಗೆ ಬರೆದ ಪತ್ರದ ಐದನೆಯ ಪುಟದಲ್ಲಿ, ಪ್ರದರ್ಶನ ಮುಗಿದ ಮೇಲೂ ಜನ ಹಾಡುತ್ತ ಮೆಟ್ಟಿಲಿಳಿಯುತ್ತಿದ್ದುದನ್ನು ವರ್ಣಿಸಿ ಕಣ್ಣು ತುಂಬಿಕೊಂಡಿದ್ದೀಯೆ. ಬೇರೆ ಕರಡು ಬರೆ. ನಾಲ್ಕು ಮಟ್ಟುಗಳು ಮೊದಲೇ ಇದ್ದವೆಂಬುದನ್ನು ಮುಚ್ಚಿಡದೆ ಹೇಳು, ಅವು ಯಾರವೆಂದು ಹೇಳು, ಉಳಿದ ಹತ್ತನ್ನು ಈ ನಾಟಕಕ್ಕಾಗಿಯೇ ಕಟ್ಟಿದ್ದೆಂಬುದನ್ನೂ ಹೇಳು. ಹಾಗೆ ಹೇಳಿದ ಮೇಲೆ ಯಾವ ವಿಭಾಗಕ್ಕೆ ನಾಟಕ ಸೇರುತ್ತದೆಂಬುದನ್ನು ಸಮಿತಿಯೇ ತೀರ್ಮಾನಿಸಲಿ. ಯಾವುದಕ್ಕೂ ಸೇರದೆ ಹೋಗಬಹುದು. ಆಗ ನಿನಗೆ ಆಗುವ ನೋವನ್ನು ನಾನು ಕಡಿಮೆ ಮಾಡಲಾರೆ, ಆದರೆ ಆ ನೋವಿನಲ್ಲಿ ಜೊತೆಗೆ ಕುಳಿತುಕೊಳ್ಳಲು ಇನ್ನೊಬ್ಬರು ಇರುತ್ತಾರೆ. ನಿನ್ನ ಕರಡನ್ನು ಹಿಂದಿರುಗಿಸುತ್ತಿದ್ದೇನೆ. ಕೊನೆಯಲ್ಲಿ ನಿನ್ನ ಸಹಿಯ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದಿದ್ದೇನೆ. ಆ ಗೆರೆಯ ಮೇಲೆ ಮಟ್ಟು ಕಟ್ಟಿದವರ ಸಹಿ ಬಿದ್ದ ಮೇಲೆ ನನಗೆ ಕಳುಹಿಸು, ಮೂರನೆಯದನ್ನು ಅಂದೇ ಹಾಕುತ್ತೇನೆ.

ಹಸ್ತಪ್ರತಿಯನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಎರಡನೆಯ ಅಂಕದ ಆ ತಾಯಿಯ ಹಾಡಿನಲ್ಲಿ ಸಾಲುಗಳು ನಿನ್ನ ಉಳಿದ ಹಾಡುಗಳಂತೆ ಹರಡಿಕೊಂಡಿಲ್ಲ. ಯಾವುದೋ ಅಳತೆಗೆ ತಮ್ಮನ್ನು ತಾವೇ ಕತ್ತರಿಸಿಕೊಂಡು ನಿಂತಿವೆ, ಎರಡು ಕಡೆ ಕ್ರಿಯಾಪದವೇ ಇಲ್ಲ, ಅದಕ್ಕೇ ಅಷ್ಟು ಚೆನ್ನಾಗಿದೆ. ಮಟ್ಟು ಮೊದಲು ಬಂದು ಪದ ಆಮೇಲೆ ಬಂದಾಗ ಹೀಗಾಗುತ್ತದೆ. ಅದು ಆ ನಾಲ್ಕರಲ್ಲಿ ಒಂದೋ ಅಲ್ಲವೋ ಎಂದು ಅವರನ್ನು ಕೇಳಿ ತಿಳಿಸು.

ನಿನ್ನ ಹಿತೈಷಿ