ತಪ್ಪನ್ನು ಬಿಸಿಲಿನ ತಲೆಗೆ ಕಟ್ಟಬೇಡಿ

ಮಾನ್ಯರೇ,

ನಮ್ಮೂರ ಹೊಳೆಯ ದೇವರ ಗುಂಡಿಯಲ್ಲಿ ಮೀನು ಸತ್ತ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕೊನೆಯಲ್ಲಿ ಅಧಿಕಾರಿಯೊಬ್ಬರ ಮಾತು ಹಾಕಿದ್ದೀರಿ. ‘ಈ ವರ್ಷ ಬಿಸಿಲು ಜಾಸ್ತಿ, ಹೊಳೆ ನೀರು ಬಿಸಿಯಾಗಿದೆ, ಇದು ಸಹಜ’ ಎಂದಿದ್ದಾರೆ. ಓದಿ ಮೈ ಉರಿದುಹೋಯಿತು. ಆ ಮೀನುಗಳನ್ನು ಹೊತ್ತು ಹೂತವರಲ್ಲಿ ನಾನೂ ಒಬ್ಬ. ನನ್ನ ಅಂಗಿಯ ವಾಸನೆ ಇನ್ನೂ ಹೋಗಿಲ್ಲ.

ಅವತ್ತು ಬೆಳಿಗ್ಗೆ ಐದೂವರೆಗೆ ಪಕ್ಕದ ಮನೆಯವರು ಬಂದು ಎಬ್ಬಿಸಿದರು. ಹೋಗಿ ನೋಡಿದರೆ ನಾವು ದೇವರ ಮೀನು ಎನ್ನುವ ಮಹಶೀರ್ ಮೀನುಗಳೆಲ್ಲ ಬಾಯಿ ಮೇಲೆ ಮಾಡಿಕೊಂಡು ಗಾಳಿ ನುಂಗುತ್ತಿವೆ. ದೊಡ್ಡವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಂದಿಗೆ, ಬಕೆಟ್ ಸಿಕ್ಕಿದ್ದನ್ನೆಲ್ಲ ತಂದು ಬಾವಿ ನೀರು ಸುರಿದೆವು. ಅಷ್ಟು ದೊಡ್ಡ ಗುಂಡಿಗೆ ಅದು ಎಲ್ಲಿ ಸಾಲುತ್ತದೆ? ಅಂಗಡಿ ಬಾಗಿಲು ತೆರೆಯಲಿಲ್ಲ. ತೋಟಕ್ಕೆ ನೀರು ಬಿಡಲಿಲ್ಲ. ಹಟ್ಟಿಯ ದನಗಳಿಗೆ ಕುಡಿಸಲು ಎರಡು ದಿನ ಬೇರೆ ಕಡೆಯಿಂದ ನೀರು ಹೊತ್ತೆವು. ಇಲಾಖೆಗೆ ಫೋನ್ ಮಾಡಿದರೆ ‘ಲಿಖಿತ ಅರ್ಜಿ ಕೊಡಿ’ ಅಂದರು. ಬಸ್ಸು ಹತ್ತಿ ತಾಲ್ಲೂಕಿಗೆ ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಮೂರನೇ ದಿನ ಜೀಪು ಬಂತು. ಜೀಪಿನಿಂದ ಇಳಿದವರು ಕೇಳಿದ ಮೊದಲ ಪ್ರಶ್ನೆ, ‘ಮೀನು ಹೂಳೋಕೆ ನಿಮಗೆ ಯಾರು ಹೇಳಿದ್ದು?’ ಮೂರು ದಿನ ಕೊಳೆಯಲು ಬಿಟ್ಟು ಇವರಿಗಾಗಿ ಕಾಯಬೇಕಿತ್ತಾ?

ಬಿಸಿಲು ಹೋದ ವರ್ಷವೂ ಇತ್ತು. ಅದರ ಹಿಂದಿನ ವರ್ಷವೂ ಇತ್ತು. ಗುಂಡಿಯ ಮೇಲೆ ನೆರಳು ಮಾತ್ರ ಈಗ ಇಲ್ಲ. ತಡೆಗೋಡೆ ಕಟ್ಟುತ್ತೇವೆಂದು ದಡದ ಹೊಂಗೆ, ಹೊಳೆಮತ್ತಿ, ನೇರಳೆ ಎಲ್ಲ ಕಡಿದು ಹಾಕಿದರು. ಆ ಕಾಂಕ್ರೀಟ್ ಗೋಡೆ ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಹೊಳೆಯ ಮೇಲ್ಭಾಗದ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ನೀರು ತಡೆಯಲು ಒಂದೂ ಸಂದು ಬಿಡದೆ ಹಲಗೆ ಹಾಕಿದ್ದಾರೆ. ಕೆಳಗೆ ಹರಿವೇ ಇಲ್ಲ. ಉಳಿದ ನೀರಿಗೂ ಪಂಪು. ನಮ್ಮ ಮನೆಯ ಪಂಪೂ ಅದರಲ್ಲಿ ಇದೆ, ಮುಚ್ಚಿಡುವುದಿಲ್ಲ. ಸೊಂಟದವರೆಗೆ ಇದ್ದ ನೀರು ಮೊಣಕಾಲಿಗೆ ಇಳಿದು ಉಗುರು ಬೆಚ್ಚಗಾಗಿತ್ತು. ಅರ್ಧ ಮೈಲಿ ಮೇಲೆ, ಇನ್ನೂ ಕಾಡು ಉಳಿದಿರುವ ಕಡೆ ಅದೇ ಹೊಳೆಗೆ ಕಾಲಿಟ್ಟರೆ ಈಗಲೂ ತಣ್ಣಗಿದೆ. ಅಲ್ಲಿ ಒಂದು ಮೀನೂ ಸತ್ತಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿ ಇದ್ದಾಗ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ, 30 ಡಿಗ್ರಿಗೆ ಬಂದರೆ ಏಳೂವರೆ. ಮೀನಿಗೋ ಬಿಸಿ ನೀರಿನಲ್ಲಿ ಉಸಿರು ಇನ್ನೂ ಜಾಸ್ತಿ ಬೇಕು. ಮೇಲೆ ನಾವು ಭಕ್ತಿಯಿಂದ ಎಸೆಯುವ ಮಂಡಕ್ಕಿ ಕೊಳೆಯುವುದಕ್ಕೂ ಅದೇ ಆಮ್ಲಜನಕ. ನಿಂತ ನೀರಿನಲ್ಲಿ ಬೆಳೆದ ಪಾಚಿ ರಾತ್ರಿಯಿಡೀ ಅದನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಬೆಳಗಿನ ಜಾವಕ್ಕೆ ಮೀನು ಸತ್ತಿದ್ದು. ಬಿಸಿಲೇ ಕೊಂದಿದ್ದರೆ ಮಧ್ಯಾಹ್ನ ಸಾಯಬೇಕಿತ್ತು, ಅಲ್ವಾ? ಮಹಶೀರ್ ಹರಿಯುವ, ತಿಳಿಯಾದ ನೀರಿನ ಮೀನು. ಇದನ್ನು ಓದಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳಿಕೊಡಬೇಕೇ?

ನನ್ನ ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಅವರ ಕಡೆ ಕೊಲಂಬಿಯಾ ನದಿಯಲ್ಲಿ 2015ರಲ್ಲಿ ಹೀಗೇ ನೀರು ಬಿಸಿಯಾಗಿ ಸುಮಾರು ಎರಡೂವರೆ ಲಕ್ಷ ಸಾಲ್ಮನ್ ಮೀನು ಸತ್ತವಂತೆ. ಮೊಟ್ಟೆಯಿಡಲು ಸಮುದ್ರದಿಂದ ನದಿ ಹತ್ತಿ ಬರುವ ಮೀನು ಅದು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಮ್ಮ ಮೀನು ಅದಕ್ಕಿಂತ ಜಾಸ್ತಿ ಸೆಕೆ ತಡೆಯುತ್ತದೆ, ಸರಿ. ಆದರೆ ಅಲ್ಲಿ ನದಿಗೆ ಉಷ್ಣಮಾಪಕ ಇಟ್ಟಿದ್ದಾರೆ. ಇವತ್ತು ನೀರು ಎಷ್ಟು ಡಿಗ್ರಿ ಎಂದು ಅವನು ಕೂತಲ್ಲೇ ಫೋನಿನಲ್ಲಿ ನೋಡಿ ಹೇಳಿದ. ಬೇಸಿಗೆಯಲ್ಲಿ ಡ್ವೋರ್ಶಾಕ್ ಎಂಬ ಅಣೆಕಟ್ಟಿನ ಆಳದಿಂದ ತಣ್ಣೀರು ಬಿಟ್ಟು ಕೆಳಗಿನ ಸ್ನೇಕ್ ನದಿಯನ್ನು ತಂಪು ಮಾಡುತ್ತಾರಂತೆ. ನಮ್ಮ ಹೊಳೆಯಲ್ಲಿ ನೀರು ಎಷ್ಟು ಬಿಸಿಯಿತ್ತು ಎಂದು ಜೀಪಿನಲ್ಲಿ ಬಂದವರನ್ನು ಕೇಳಿದೆ. ಅವರ ಹತ್ತಿರ ಥರ್ಮಾಮೀಟರೇ ಇರಲಿಲ್ಲ. ಹಾಗಾದರೆ ‘ನೀರು ಬಿಸಿಯಾಗಿದೆ’ ಎಂದು ಪತ್ರಿಕೆಗೆ ಹೇಳಿದ್ದು ಯಾವ ಲೆಕ್ಕದಲ್ಲಿ?

ಇದು ಇವತ್ತಿನ ಕಥೆಯಲ್ಲ. ಸೇತುವೆ ಹತ್ತಿರ ಕೋಳಿ ತ್ಯಾಜ್ಯದ ಚೀಲ ಎಸೆಯುತ್ತಾರೆ ಎಂದು ನಾಲ್ಕು ಸಲ ಅರ್ಜಿ ಕೊಟ್ಟಿದ್ದೇವೆ. ಬೋರ್ಡು ಬಂತು, ಚೀಲ ನಿಲ್ಲಲಿಲ್ಲ. ರಾತ್ರಿ ಮರಳು ಲಾರಿ ಹೋಗುವುದು ಊರಿನ ನಾಯಿಗಳಿಗೂ ಗೊತ್ತು, ಅಧಿಕಾರಿಗಳಿಗೆ ಮಾತ್ರ ಗೊತ್ತಿಲ್ಲ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವ ಜಲ್ಲಿ, ಮರಳೇ ಹೋದರೆ ಮರಿ ಎಲ್ಲಿಂದ ಬರಬೇಕು? ಮುರಿದ ಕಾಲುಸಂಕ ಸರಿಮಾಡಿ ಎಂದು ಕೇಳಿ ಎರಡು ಮಳೆಗಾಲ ಕಳೆಯಿತು. ಶಾಲೆ ಮಕ್ಕಳು ಸುತ್ತು ಹಾಕಿ ಹೋಗುತ್ತಿವೆ.

1996ರಲ್ಲಿ ನಮ್ಮ ತಾಲ್ಲೂಕಿನದೇ ಶಿಶಿಲದಲ್ಲಿ ಕಪಿಲಾ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಕೊಂದಾಗ ಇಡೀ ಜಿಲ್ಲೆ ಅತ್ತಿತು. ಅಲ್ಲಿ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ವಿಷ ಹಾಕಿದರೆ ಅಪರಾಧ. ಮರ ಕಡಿದು, ಹರಿವು ಕಟ್ಟಿ, ನೀರು ಕಾಯಿಸಿ ಕೊಂದರೆ ಸಹಜವೇ?

ಅಣೆಕಟ್ಟಿನಲ್ಲಿ ಒಂದು ಹಲಗೆಯನ್ನಾದರೂ ತೆಗೆಯಿರಿ. ದಡದಲ್ಲಿ ಮತ್ತೆ ಹೊಂಗೆ ನೆಡಿ. ಇಲ್ಲವೇ ಒಂದು ಥರ್ಮಾಮೀಟರ್ ಆದರೂ ಕೊಡಿ, ದಿನಾ ನೋಡಿ ಬರೆದಿಡುವ ಕೆಲಸ ನಾವೇ ಮಾಡುತ್ತೇವೆ. ಯಾರಾದರೂ ಜವಾಬ್ದಾರಿ ಇರುವವರು ಬನ್ನಿ. ಬರುವುದಾದರೆ ಮಧ್ಯಾಹ್ನ ಎರಡು ಗಂಟೆಗೆ ಬನ್ನಿ. ಜೀಪಿನಲ್ಲಿ ಕೂತು ಹೇಳಿಕೆ ಕೊಡಬೇಡಿ. ಚಪ್ಪಲಿ ಬಿಚ್ಚಿ ಆ ಗುಂಡಿಗೆ ಇಳಿಯಿರಿ, ಹತ್ತು ನಿಮಿಷ ಅಲ್ಲೇ ನಿಲ್ಲಿ.

ನೊಂದ ಓದುಗ,
ಬೆಳ್ತಂಗಡಿ ತಾಲ್ಲೂಕು