ಒಡೆದ ಪೈಪು, ನಮ್ಮಪ್ಪನಿಗೆ ನೀವಾಡಿದ ಮಾತು: ನನ್ನ ಮೂರನೇ ದೂರು

ಮಾಲೀಕರಿಗೆ ನಮಸ್ಕಾರ.

ವಿಷಯ: ಅಕ್ಟೋಬರ್ 24ರಂದು ಕೊಲರಾಡೊದ ಅರೋರಾದಲ್ಲಿರುವ ನಮ್ಮ ಮನೆಯ ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪುಗಳನ್ನು ಚಳಿಗಾಲಕ್ಕೆಂದು ಖಾಲಿ ಮಾಡಿದ ಕೆಲಸ.

ಮೊದಲ ಎರಡು ಇಮೇಲ್ ಇಂಗ್ಲಿಷಿನಲ್ಲಿ ಬರೆದೆ. ತುಂಬಾ ಮರ್ಯಾದೆಯಿಂದಲೇ ಬರೆದಿದ್ದೆ. ಒಂದಕ್ಕೂ ಉತ್ತರ ಇಲ್ಲ. ಫೋನಿನಲ್ಲಿ ನೀವು ನನ್ನ ಹತ್ತಿರ ಮಾತಾಡಿದ್ದು ಕನ್ನಡದಲ್ಲಿ. ನಮ್ಮಪ್ಪನಿಗೆ ನೋವಾಗಿದ್ದೂ ಆ ಮಾತುಗಳಿಂದಲೇ. ಅದಕ್ಕೆ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲೇ 95 ಡಾಲರ್ ಮುಂಗಡ ಕೊಟ್ಟಿದ್ದೆ. ಅಕ್ಟೋಬರ್ 8ಕ್ಕೆ ಬರುತ್ತೇವೆ ಅಂದಿರಿ, ಬರಲಿಲ್ಲ. 15 ಅಂದಿರಿ, ಅದೂ ಹೋಯಿತು. ಈ ಊರಲ್ಲಿ ಅಕ್ಟೋಬರ್ ಮೊದಲ ಎರಡು ವಾರದಲ್ಲೇ ನೀರು ಹೆಪ್ಪುಗಟ್ಟುವ ರಾತ್ರಿಗಳು ಶುರುವಾಗುತ್ತವೆ ಅಂತ ನಿಮಗೆ ನಾನು ಹೇಳಬೇಕಾ? ಆ ಎರಡು ವಾರ ನಾನೇ ಸಂಜೆ ಹೊರಗೆ ಹೋಗಿ ಬ್ಯಾಕ್‌ಫ್ಲೋಗೆ (ಸ್ಪ್ರಿಂಕ್ಲರ್ ನೀರು ಮನೆಯ ನೀರಿಗೆ ವಾಪಸ್ ಬರದಂತೆ ತಡೆಯುವ, ಗೋಡೆಯ ಹೊರಗಿನ ವಾಲ್ವಿಗೆ) ಹಳೆಯ ಕಂಬಳಿ ಸುತ್ತಿ, ಬೆಳಿಗ್ಗೆ ಬಿಚ್ಚುತ್ತಿದ್ದೆ.

24ರಂದು ನಿಮ್ಮ ಹುಡುಗ ಬಂದ. ನಾನು ಆಫೀಸಿನಲ್ಲಿದ್ದೆ, ಮನೆಯಲ್ಲಿ ಅಪ್ಪ ಒಬ್ಬರೇ. ಬಾಗಿಲ ಕ್ಯಾಮೆರಾದಲ್ಲಿ ಎಲ್ಲ ಇದೆ. ಮಧ್ಯಾಹ್ನ 2:14ಕ್ಕೆ ಗಾಡಿ ನಿಂತಿತು, 2:25ಕ್ಕೆ ಹೊರಟಿತು. ಹನ್ನೊಂದು ನಿಮಿಷ. ನಮ್ಮದು ಆರು ಜೋನ್, ಅಂದರೆ ಬೇರೆಬೇರೆಯಾಗಿ ನೀರು ಬಿಡುವ ಆರು ಭಾಗ. ಪೈಪಿನ ನೀರನ್ನು ಹೊರಗೆ ತಳ್ಳಲು ಒಂದೊಂದಕ್ಕೂ ಎರಡು ಸಲ ಗಾಳಿ ಬಿಡಬೇಕು, ಸ್ಪ್ರಿಂಕ್ಲರ್ ತಲೆಗಳಿಂದ ನೀರು ನಿಂತು ಬರೀ ಹೊಗೆಯಂಥ ಹನಿ ಬರುವ ತನಕ ಬಿಡಬೇಕು ಅಂತ ನಿಮ್ಮ ಚೀಟಿಯಲ್ಲೇ ಇದೆ. ಹೋಸ್ ಎಳೆದು, ಸಿಕ್ಕಿಸಿ, ಮತ್ತೆ ಸುತ್ತಿ, ಅಷ್ಟರ ನಡುವೆ ಆರು ಜೋನ್ ಎರಡು ಸಲ ಹೇಗೆ ಮುಗಿಯಿತು?

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಸ್ಪ್ರಿಂಕ್ಲರ್ ಲೈನಿನ ಮುಖ್ಯ ವಾಲ್ವ್ ಇರುವುದು ನಮ್ಮ ಬೇಸ್‌ಮೆಂಟಿನಲ್ಲಿ. ಅದನ್ನು ಬಂದ್ ಮಾಡಿ, ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಇಳಿಸದೆ ಈ ಕೆಲಸ ಶುರುವಾಗುವುದೇ ಇಲ್ಲ. ನಿಮ್ಮ ಹುಡುಗ ಮನೆಯೊಳಗೆ ಬರಲಿಲ್ಲ. ಬೆಲ್ ಕೂಡ ಒತ್ತಲಿಲ್ಲ. ಬ್ಯಾಕ್‌ಫ್ಲೋದ ಎರಡೂ ಹಿಡಿಗಳನ್ನು ಅಡ್ಡ ತಿರುಗಿಸಿ ಪೂರ್ತಿ ಮುಚ್ಚಿ ಹೋದ. ಅವನ್ನು 45 ಡಿಗ್ರಿಗೆ ಬಿಡಬೇಕು, ಇಲ್ಲದಿದ್ದರೆ ವಾಲ್ವಿನ ಗುಂಡಿನೊಳಗೇ ನೀರು ನಿಲ್ಲುತ್ತದೆ. ಇದೂ ನಿಮ್ಮದೇ ಚೀಟಿಯ ಮಾತು. ಅಂದರೆ ಹುಲ್ಲಿನ ಕೆಳಗಿನ ಪೈಪಿಗೆ ಒಂದಿಷ್ಟು ಗಾಳಿ ಹೋಯಿತು. ಗೋಡೆಯಿಂದ ಹೊರಬಂದು ಬ್ಯಾಕ್‌ಫ್ಲೋವರೆಗೆ ಏರುವ ತಾಮ್ರದ ಪೈಪು ಮಾತ್ರ ನೀರು ತುಂಬಿಕೊಂಡು, ಪೂರ್ತಿ ಒತ್ತಡದಲ್ಲಿ, ಹಾಗೇ ನಿಂತಿತ್ತು.

ಅಪ್ಪ ಅವತ್ತು ಸಂಜೆಯೇ ಹೇಳಿದರು, 'ಅವನು ಒಳಗೆ ಬರ್ಲೇ ಇಲ್ಲ ಮಾರಾಯ, ನೀರು ನಿಲ್ಲಿಸ್ದೆ ಎಂತ ಖಾಲಿ ಮಾಡಿದ?' ನಾನು ತಕ್ಷಣ ಬೇಸ್‌ಮೆಂಟಿಗೆ ಇಳಿದು ನೋಡಬೇಕಿತ್ತು. ನೋಡುವ ಬದಲು ನಿಮಗೆ ಫೋನ್ ಮಾಡಿದೆ, ನೀವು ಕಸುಬುದಾರರು ಅಂತ ನಂಬಿ.

ಆ ಫೋನ್ ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಒಂದೊಂದು ಮಾತೂ ನೆನಪಿದೆ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ, ಫೋನ್ ಸ್ಪೀಕರಿನಲ್ಲಿತ್ತು, ಅಪ್ಪ ಎದುರಿಗೇ ಕಾಫಿ ಲೋಟ ಹಿಡಿದು ಕೂತಿದ್ದರು. ನಾನು ಕೇಳಿದ್ದು ಇಷ್ಟೇ, 'ಸರ್, ನಿಮ್ಮವರು ಬೇಸ್‌ಮೆಂಟಿಗೆ ಬರಲಿಲ್ಲವಂತೆ, ನಮ್ಮಪ್ಪ ನೋಡಿದ್ದಾರೆ.' ನೀವು ನಕ್ಕಿರಿ. 'ಯಾರು, ಊರಿಂದ ಬಂದಿದ್ದಾರಲ್ಲ ಅವರಾ?' ಅಂದಿರಿ. ಹೌದು ಅಂದೆ. 'ಅಲ್ಲಾರೀ, ತೋಟಕ್ಕೆ ಪಂಪ್‌ಸೆಟ್ ಹಾಕಿದ ಹಾಗಲ್ಲ ಇದು. ಹಳ್ಳಿಯವರ ಮಾತು ಕಟ್ಟಿಕೊಂಡು ನನಗೆ ಕೆಲಸ ಕಲಿಸ್ತೀರಾ? ಅವರಿಗೆ ಸುಮ್ನೆ ಟಿವಿ ಹಾಕಿ ಕೂರಿಸಿ' ಅಂದಿರಿ. ಅಪ್ಪ ಲೋಟವನ್ನು ಸಿಂಕಿನಲ್ಲಿಟ್ಟು ಮೇಲೆ ಹೋದರು. ಕಾಫಿ ಅರ್ಧ ಹಾಗೇ ಇತ್ತು. ತೀರ್ಥಹಳ್ಳಿ ಹತ್ತಿರ ಮೂವತ್ತು ವರ್ಷ ಅಡಿಕೆ ತೋಟಕ್ಕೆ ನೀರು ಹಾಯಿಸಿದವರು ಅವರು. ಪೈಪಿನಲ್ಲಿ ನೀರು ಎಲ್ಲಿ ನಿಂತಿದೆ, ಗಾಳಿ ಎಲ್ಲಿ ಹಿಡಿದಿದೆ ಅಂತ ಕಿವಿಗೊಟ್ಟು ಹೇಳುತ್ತಾರೆ. ಹಿಮ ಅವರಿಗೆ ಹೊಸದು, ನೀರು ಹೊಸದಲ್ಲ.

ನವೆಂಬರ್ ಎರಡನೇ ವಾರ ರಾತ್ರಿಯ ತಾಪ ಫ್ಯಾರನ್‌ಹೀಟಿನಲ್ಲಿ ಒಂದಂಕಿಗೆ ಇಳಿಯಿತು, ನೀರು ಹೆಪ್ಪುಗಟ್ಟುವ 32ಕ್ಕಿಂತ ಎಷ್ಟೋ ಕೆಳಗೆ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ತಾಮ್ರ ತಡೆಯುತ್ತದಾ? ಒಡೆದಾಗ ಗೊತ್ತಾಗಲಿಲ್ಲ, ಒಳಗಿನ ಮಂಜುಗಡ್ಡೆಯೇ ಬಿರಡೆಯಾಗಿತ್ತು. ಎರಡು ದಿನ ಬಿಟ್ಟು ಬಿಸಿಲು ಬಂತು, ಕರಗಿತು, ನೀರು ಚಿಮ್ಮಿತು. ನಾವು ನೋಡುವಷ್ಟರಲ್ಲಿ ಅದು ಗೋಡೆಯ ಬುಡದಿಂದ ಬೇಸ್‌ಮೆಂಟಿಗೆ ಇಳಿದು ಮಗಳ ಕೋಣೆಯ ಕಾರ್ಪೆಟ್ ನೆನೆದುಹೋಗಿತ್ತು. ವಾಲ್ವ್ ಬಂದ್ ಮಾಡಿದ್ದು ಅಪ್ಪ. ಅದು ಅವತ್ತಿನವರೆಗೂ ಪೂರ್ತಿ ತೆರೆದೇ ಇತ್ತು.

ಆಮೇಲೆ ಮೂರು ಸಲ ಫೋನ್ ಮಾಡಿದೆ. ಒಂದು ಸಲ 'ನೀವು ಬಟ್ಟೆ ಸುತ್ತಬೇಕಿತ್ತು' ಅಂದಿರಿ. ನೀರು ತೆಗೆದಿದ್ದೇವೆ ಅಂತ ಹಣ ತಗೊಂಡ ಮೇಲೆ ಬಟ್ಟೆ ಯಾಕೆ? ಇನ್ನೊಂದು ಸಲ 'ನವೆಂಬರ್‌ನಲ್ಲಿ ಇಷ್ಟು ಚಳಿ ಯಾರು ಅಂದುಕೊಂಡಿದ್ದರು' ಅಂದಿರಿ. 2014ರ ನವೆಂಬರ್‌ನಲ್ಲಿ ಪಕ್ಕದ ಡೆನ್ವರ್ ಮೈನಸ್ 14 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿತ್ತು. ಈ ಊರಲ್ಲಿ ಇದೇ ಕಸುಬು ಮಾಡುವವರು ಆಡುವ ಮಾತಾ ಇದು? ಮೂರನೇ ಸಲ ನೀವು ಎತ್ತಲೇ ಇಲ್ಲ.

ನಮ್ಮ ಕೆಲಸದಿಂದ ಪೈಪು ಒಡೆದರೆ ನಾವೇ ಸರಿಮಾಡಿಕೊಡುತ್ತೇವೆ ಅನ್ನುವುದು ನಿಮ್ಮದೇ ಚೀಟಿಯ ಕೊನೆಯ ಸಾಲು. ಅದನ್ನು ನಿಮಗೆ ಓದಿ ಹೇಳುವ ಅಗತ್ಯವಿಲ್ಲ. ಪ್ಲಂಬರ್‌ಗೆ 640, ಕಾರ್ಪೆಟ್ ಒಣಗಿಸಿದವರಿಗೆ 380. ಎರಡೂ ರಸೀದಿ ಇದರ ಜೊತೆ ಇವೆ.

ಆದರೆ ದುಡ್ಡಿಗಿಂತ ಮೊದಲು ನೀವು ನಮ್ಮಪ್ಪನ ಹತ್ತಿರ ಮಾತಾಡಬೇಕು. ಅವರು ಡಿಸೆಂಬರ್ 18ಕ್ಕೆ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ನೀವೇ, ನಿಮ್ಮ ಆಫೀಸಿನವರಲ್ಲ, ಫೋನ್ ಮಾಡಿ ತಪ್ಪಾಯಿತು ಅನ್ನಿ. ಇಲ್ಲವಾದರೆ 19ರ ಬೆಳಿಗ್ಗೆ ಕೌಂಟಿ ಕೋರ್ಟಿನ ಸ್ಮಾಲ್ ಕ್ಲೇಮ್ಸ್‌ನಲ್ಲಿ, ಅಂದರೆ ಸಣ್ಣ ಮೊತ್ತದ ದಾವೆಗಳ ವಿಭಾಗದಲ್ಲಿ, ದಾವೆ ಹಾಕುತ್ತೇನೆ. ಕೊಲರಾಡೊದಲ್ಲಿ ಅಲ್ಲಿ 7,500 ಡಾಲರ್‌ವರೆಗೆ ಕೇಳಬಹುದು, ಲಾಯರ್ ಬೇಕಿಲ್ಲ. ಕ್ಯಾಮೆರಾದ ಹನ್ನೊಂದು ನಿಮಿಷ ಅಲ್ಲೇ ತೋರಿಸುತ್ತೇನೆ. ಇಲ್ಲಿನ ನಮ್ಮ ಕನ್ನಡದವರಲ್ಲಿ ನಿಮ್ಮ ಹತ್ತಿರ ಕೆಲಸ ಮಾಡಿಸುವ ಇಪ್ಪತ್ತೆರಡು ಮನೆ ನನಗೆ ಗೊತ್ತು. ಅದರಲ್ಲಿ ಒಂಬತ್ತು ಮನೆಗೆ ನಿಮ್ಮ ನಂಬರ್ ಕೊಟ್ಟವನೇ ನಾನು. ಆ ಒಂಬತ್ತು ಮನೆಗೂ ನಾನೇ ಹೋಗಿ, ಬೇಸ್‌ಮೆಂಟಿಗೆ ಇಳಿದು ವಾಲ್ವ್ ನೋಡಿ ಅಂತ ಹೇಳಿ ಬರುತ್ತೇನೆ.

ಇಂತಿ,
ನಾಲ್ಕು ವರ್ಷದಿಂದ ನಿಮ್ಮ ಗಿರಾಕಿಯಾಗಿದ್ದವನು