ಶೀಟ್ ಅಂದರೆ ಬೆಡ್‌ಶೀಟ್ ಅಲ್ಲ: ಹಾಳಾದ ಹಾಯಿದೋಣಿ ಹಗ್ಗಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಲಾಂಡ್ರಿ ಕಂಪನಿ, ಬೆಳಗಾವಿ

ಇವರಿಂದ,
ನಿಮ್ಮ ಗ್ರಾಹಕ,
ನವನಗರ, ಬಾಗಲಕೋಟೆ

ದಿನಾಂಕ: ನವೆಂಬರ್ 24

ವಿಷಯ: ತಪ್ಪಾಗಿ ತೊಳೆದು ಹಾಳುಮಾಡಿದ ನಾಲ್ಕು ಹಗ್ಗಗಳ ಬೆಲೆ ಮತ್ತು ತೊಳೆದ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನವೆಂಬರ್ 4ರಂದು ನಿಮ್ಮ ಹುಡುಗ ನಮ್ಮ ಮನೆಯಿಂದ ಎರಡು ಬೆಡ್‌ಶೀಟ್, ಒಂದು ಕೌದಿ ಮತ್ತು ನನ್ನ ಹಾಯಿದೋಣಿಯ ನಾಲ್ಕು ಹಗ್ಗ ಒಯ್ದ. 11ಕ್ಕೆ ಎಲ್ಲ ವಾಪಸ್ ಬಂತು. ಬೆಡ್‌ಶೀಟ್ ಗರಿಗರಿಯಾಗಿದ್ದವು, ಕೌದಿಯೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಹಗ್ಗಗಳು ಮಾತ್ರ ಕೆಲಸಕ್ಕೆ ಬಾರದಂತಾಗಿವೆ. ಮೂರು ಸಲ ಫೋನ್ ಮಾಡಿದೆ, ಪ್ರಯೋಜನ ಆಗಲಿಲ್ಲ. ಅದಕ್ಕೇ ಈ ಪತ್ರ.

ಈ ಹಗ್ಗಗಳನ್ನು ನಾನು ಯಾವಾಗಲೂ ಮನೆಯಲ್ಲೇ ತೊಳೆಯುತ್ತೇನೆ. ಈ ಸಲ ಬಲಗೈ ಮಣಿಕಟ್ಟು ಉಳುಕಿತ್ತು. ನಿಮ್ಮ ಹುಡುಗನನ್ನು ಕೇಳಿದೆ. "ಕೌದಿನೇ ತೊಳಿತೀವ್ರಿ ಸರ, ಹಗ್ಗದ್ದೇನು ದೊಡ್ಡದು, ಕೊಡ್ರಿ" ಅಂದ. ಆದರೂ ನಂಬಿಕೆ ಸಾಲದೆ ಒಂದು ಚೀಟಿ ಬರೆದು, ಅವನಿಗೆ ಓದಿ ಹೇಳಿ, ಮಡಿಚಿ ಚೀಲದೊಳಗೆ ಇಟ್ಟೆ. ಅದರಲ್ಲಿ ಇದ್ದದ್ದು ಇಷ್ಟು: 2 ಶೀಟ್, 1 ಹ್ಯಾಲ್ಯರ್ಡ್, 1 ಲಂಗರು ಹಗ್ಗ. ತಣ್ಣೀರು, ಮೆದು ಸೋಪು. ಬ್ಲೀಚ್ ಬೇಡ, ಡ್ರೈಯರ್ ಬೇಡ.

ನಿಮ್ಮ ಬಿಲ್ ನೋಡಿ. ಬೆಡ್‌ಶೀಟ್ 4, ಕೌದಿ 1, ಇತರೆ 2. ನಾನು ಕೊಟ್ಟದ್ದು ಎರಡೇ ಬೆಡ್‌ಶೀಟ್. ಇನ್ನೆರಡು ಎಲ್ಲಿಂದ ಬಂದವು ಅಂತ ತಲೆ ಕೆರೆದುಕೊಂಡು ಕೂತಾಗ ಗೊತ್ತಾಯಿತು. ಹಾಯಿಯನ್ನು ಎಳೆದು, ಸಡಿಲಿಸಿ, ಗಾಳಿಗೆ ಹೊಂದಿಸುವ ಹಗ್ಗಕ್ಕೆ ದೋಣಿಯವರು ಶೀಟ್ ಅನ್ನುತ್ತಾರೆ. ವಿಚಿತ್ರ ಹೆಸರೇ, ಒಪ್ಪುತ್ತೇನೆ. ಕಾರವಾರದಲ್ಲಿ ನೌಕರಿ ಮಾಡುವಾಗ ದೋಣಿ ಕಲಿಯಲು ಹೋದ ಮೊದಲ ದಿನ ನಾನೂ ಬಟ್ಟೆ ಹುಡುಕಿದ್ದೆ. ಆದರೆ ಚೀಲದಲ್ಲಿ ಕೈ ಹಾಕಿದವರಿಗೆ ಎದುರಿಗಿರೋದು ಹಗ್ಗವೋ ಹಾಸಿಗೆ ಬಟ್ಟೆಯೋ ಗೊತ್ತಾಗಬೇಕಿತ್ತು ಅಲ್ವಾ? ನಾನು ಬಾಯಲ್ಲಿ ಓದಿದ ಪಟ್ಟಿಯನ್ನಷ್ಟೇ ನಂಬಿ ಬೆಡ್‌ಶೀಟ್ ಲೆಕ್ಕಕ್ಕೆ ಸೇರಿಸಿ, ಬಿಸಿನೀರು, ಬ್ಲೀಚ್, ಆಮೇಲೆ ಡ್ರೈಯರ್. ಬಿಲ್‌ನಲ್ಲೇ ಡ್ರೈಯರ್ 80 ಡಿಗ್ರಿ ಅಂತ ಅಚ್ಚಾಗಿದೆ. ನನ್ನ ಚೀಟಿ ಬಿಲ್‌ಗೆ ಪಿನ್ ಹೊಡೆದು ವಾಪಸ್ ಬಂದಿದೆ. ನಾನು ಮಡಿಚಿದ ಮಡಿಕೆಯಲ್ಲೇ ಇದೆ. ಆಮೇಲೆ ಯಾರೂ ಬಿಚ್ಚಿ ನೋಡಿದಂತಿಲ್ಲ.

ಈಗ ಹಗ್ಗಗಳ ಸ್ಥಿತಿ. ಹ್ಯಾಲ್ಯರ್ಡ್ ಅಂದರೆ ಹಾಯಿಯನ್ನು ಕಂಬದ ತುದಿಗೆ ಏರಿಸಿ ಹಿಡಿಯುವ ಹಗ್ಗ. ಹೊರಗೆ ಪಾಲಿಸ್ಟರ್ ಹೊದಿಕೆ, ಒಳಗೆ ಡೈನೀಮಾ ಅನ್ನೋ ಕೃತಕ ನಾರಿನ ತಿರುಳು. ಡೈನೀಮಾ ತೂಕದಲ್ಲಿ ನೀರಿಗಿಂತ ಹಗುರ, ಬಲದಲ್ಲಿ ಉಕ್ಕಿನ ತಂತಿಯನ್ನು ಮೀರಿಸುತ್ತೆ. ಅದಕ್ಕೆ ಇರೋ ದೊಡ್ಡ ಭಯ ಬಿಸಿ. 150 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತೆ. 70 ದಾಟಿದರೇ ಅದಕ್ಕೆ ಆಗಿಬರೋದಿಲ್ಲ. ನೀವು 80ರಲ್ಲಿ ಉರುಳಿಸಿದ್ದೀರಿ. ಹೊದಿಕೆ ಒಂದು ಕಡೆ ಮುದುರಿ ಗಂಟಾಗಿದೆ, ಇನ್ನೊಂದು ಕಡೆ ಹಾವಿನ ಪೊರೆಯಂತೆ ಜಾರಿ ತಿರುಳು ಒಂದು ಗೇಣು ಹೊರಬಿದ್ದಿದೆ. ತುದಿಗೆ ನಾನೇ ಕೂತು ಸುತ್ತಿದ್ದ ದಾರ ಮಾಯ.

ಲಂಗರು ಹಗ್ಗ ನೈಲಾನ್. ಅದು ಎಳೆದರೆ ಹಿಗ್ಗುತ್ತೆ, ಅಲೆಯ ಜಗ್ಗಾಟ ತಡೆದುಕೊಳ್ಳುತ್ತೆ, ಅದಕ್ಕೇ ಲಂಗರಿಗೆ ಅದೇ ಬೇಕು. ಕ್ಲೋರಿನ್ ಬ್ಲೀಚ್ ನೈಲಾನಿಗೆ ಶತ್ರು. ಬೆಳ್ಳಗಿದ್ದದ್ದು ಹಳದಿಗೆ ತಿರುಗಿ, ಕುಗ್ಗಿ, ಕಟ್ಟಿಗೆಯಂತೆ ಸೆಟೆದಿದೆ. ಎರಡು ಶೀಟ್‌ಗಳು ಪಾಲಿಸ್ಟರ್. ಪಾಲಿಸ್ಟರ್ ಬ್ಲೀಚ್‌ಗೆ ನೈಲಾನಿನಷ್ಟು ಬೇಗ ಬಗ್ಗೋದಿಲ್ಲ, ನಿಜ. ಆದರೆ ಚೀಲಕ್ಕೆ ಹಾಕದೆ ಬಿಡಿಯಾಗಿ ತಿರುಗಿಸಿದ್ದರಿಂದ ಎರಡೂ ಹೆಣೆದುಕೊಂಡು ಕೊಬ್ಬರಿ ಗಿಟುಕಿನಂಥ ಗಂಟು ಬಿದ್ದಿದೆ. ಅದನ್ನು ಬಿಡಿಸೋಕೆ ನಿಮ್ಮ ಕೇಂದ್ರದಲ್ಲಿ ಯಾರೋ ಸ್ಕ್ರೂಡ್ರೈವರ್ ಚುಚ್ಚಿದ್ದಾರೆ. ನಾಲ್ಕು ಕಡೆ ಎಳೆ ಕಿತ್ತಿದೆ.

ಫೋನಿನಲ್ಲಿ ಮೇಡಂ ಕೇಳಿದರು, "ಹಗ್ಗ ಹಗ್ಗದಂಗ ಐತಲ್ರಿ ಸರ, ಹರಿದಿಲ್ಲಲ್ಲ?" ಹರಿಯೋದು ಮನೆಯಲ್ಲಲ್ಲ, ಮೇಡಂ. ಆಲಮಟ್ಟಿ ಹಿನ್ನೀರಿನ ನಡುವೆ ಗಾಳಿ ಜೋರಾದಾಗ. ಆಗ ಹಾಯಿ ನನ್ನ ತಲೆ ಮೇಲೇ ಬೀಳುತ್ತೆ. ಲಂಗರು ಹಗ್ಗ ತುಂಡಾದರೆ ದೋಣಿ ತೇಲಿಕೊಂಡು ಹೋಗುತ್ತೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಈ ನೀರಿನಡಿ ಸೇರಿವೆ. ತಳದ ಗೋಡೆ, ಕಲ್ಲಿಗೆ ಹಗ್ಗ ಉಜ್ಜುತ್ತಲೇ ಇರುತ್ತೆ. ಮೊದಲೇ ಬಲ ಕಳಕೊಂಡ ಹಗ್ಗವನ್ನು ಅಲ್ಲಿ ಹೇಗೆ ನಂಬಲಿ?

"ಹಂಗಾದ್ರ ಇದನ್ನ ಹೆಂಗ ತೊಳಿಬೇಕಿತ್ರಿ?" ಅಂತಲೂ ಕೇಳಿದರು. ಹೇಳುತ್ತೇನೆ. ಕಾರವಾರದಲ್ಲಿ ಹಗ್ಗದಿಂದ ಉಪ್ಪು ಬಿಡಿಸಬೇಕಿತ್ತು, ಇಲ್ಲಿ ಬಿಡಿಸಬೇಕಾದ್ದು ಹೂಳು. ಮಳೆಗಾಲದಲ್ಲಿ ಕೃಷ್ಣೆ, ಘಟಪ್ರಭೆ ಕೆಂಪಗೆ ಬರುತ್ತವಲ್ಲ, ಆ ಸಣ್ಣ ಮಣ್ಣು ಹೆಣಿಗೆಯೊಳಗೆ ಕೂತು, ಎಳೆದಾಗಲೆಲ್ಲ ಒಳಗಿಂದ ಎಳೆಗಳನ್ನು ಕೊಯ್ಯುತ್ತೆ. ಹಾಗಾಗಿ ರಾತ್ರಿ ಬಕೆಟ್ ತಣ್ಣೀರಲ್ಲಿ ನೆನೆಸಿಡೋದು. ಬೆಳಗ್ಗೆ ತಳದಲ್ಲಿ ಒಂದು ಪದರ ಕೆಸರು ಕೂತಿರುತ್ತೆ. ಆಮೇಲೆ ಹಗ್ಗವನ್ನು ಸರಪಳಿಯಂತೆ ಸಡಿಲವಾಗಿ ಹೆಣೆದು, ಹಳೇ ದಿಂಬಿನ ಕವರಿಗೆ ತುಂಬಿ, ಬಾಯಿ ಕಟ್ಟಿ, ನನ್ನ ಹೆಂಡತಿ ಇಳಕಲ್ ಸೀರೆಗೆ ಹಾಕುವ ಮೆದು ಸೋಪಿನಲ್ಲೇ ಕುಕ್ಕೋದು. ನೀರು ತಿಳಿಯಾಗುವ ತನಕ ಜಾಲಿಸೋದು. ಜೋರು ನೀರಿನ ಪೈಪ್ ಹಿಡಿಯಬಾರದು, ಮಣ್ಣು ಇನ್ನೂ ಒಳಗೆ ಹೋಗುತ್ತೆ. ನೆರಳಲ್ಲಿ ಗಳಕ್ಕೆ ನೇತುಹಾಕೋದು. ನಮ್ಮೂರ ಬಿಸಿಲು ಹಗ್ಗವನ್ನು ತಿನ್ನೋದು ಸಾಲದು ಅಂತ ಒಣಗಿಸೋಕೂ ಬಿಸಿಲೇ ಬೇಕಾ? ಒಣಗಿದ ಮೇಲೆ ಒಂದು ತುದಿಯಿಂದ ಬೆರಳಲ್ಲಿ ಹಿಚುಕುತ್ತಾ ಹೋಗಬೇಕು. ಎಲ್ಲಾದರೂ ತೆಳ್ಳಗೆ, ಗಟ್ಟಿ ಅಥವಾ ಪೊಳ್ಳು ಅನಿಸಿದರೆ ಆ ಹಗ್ಗ ಮತ್ತೆ ದೋಣಿಗೆ ಹೋಗಬಾರದು. ನನ್ನ ಹ್ಯಾಲ್ಯರ್ಡ್‌ನಲ್ಲಿ ಈಗ ಈ ಮೂರೂ ಸಿಗುತ್ತವೆ.

ತೊಳೆದ ಹಣದ ಹತ್ತು ಪಟ್ಟಿಗಿಂತ ಜಾಸ್ತಿ ಕೊಡೋದಿಲ್ಲ, ಬಿಲ್ ಹಿಂದೆ ಬರೆದಿದೆ ಅಂದಿರಿ. ಕನ್ನಡಕ ಹಾಕಿದರೂ ಓದಲಾಗದ ಅಕ್ಷರ ಅದು. ಹಗ್ಗ ಕೊಡುವಾಗ ಯಾರೂ ಅದನ್ನು ಹೇಳಲಿಲ್ಲ, ನಾನು ಸಹಿಯನ್ನೂ ಮಾಡಿಲ್ಲ. ಖರೀದಿ ಬಿಲ್ ಪ್ರಕಾರ ಶೀಟ್‌ಗಳಿಗೆ 2,880, ಹ್ಯಾಲ್ಯರ್ಡ್‌ಗೆ 3,360, ಲಂಗರು ಹಗ್ಗಕ್ಕೆ 1,800 ರೂಪಾಯಿ. ನಾಲ್ಕೂ ಈ ವರ್ಷವೇ ಕೊಂಡವು. ಇವನ್ನು ತೊಳೆಯಲು ನೀವು ತೆಗೆದುಕೊಂಡದ್ದು 340. ಒಟ್ಟು 8,380 ರೂಪಾಯಿ ವಾಪಸ್ ಕೊಡಿ. ಕೌದಿ, ಬೆಡ್‌ಶೀಟ್ ಹಣ ಕೇಳುತ್ತಿಲ್ಲ.

ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಬಟ್ಟೆ ಒಯ್ಯಲು ಬಂದ ಹುಡುಗನ ಸಂಬಳದಲ್ಲಿ ಇದನ್ನು ಹಿಡಿಯಬೇಡಿ. ಅವನು ಚೀಲ ಒಯ್ದ, ತಂದುಕೊಟ್ಟ, ಅಷ್ಟೇ. ಹಗ್ಗಗಳನ್ನು ಎಸೆದಿಲ್ಲ, ಗಂಟನ್ನೂ ಬಿಡಿಸಿಲ್ಲ. ನೋಡಬೇಕಿದ್ದರೆ ಯಾರನ್ನಾದರೂ ಕಳಿಸಿ, ಸಂಜೆ 5ರ ಮೇಲೆ ಮನೆಯಲ್ಲೇ ಇರುತ್ತೇನೆ.

ಇಂತಿ ನಿಮ್ಮ ಗ್ರಾಹಕ,
ನವನಗರ, ಬಾಗಲಕೋಟೆ

ಜೊತೆಗಿಟ್ಟದ್ದು: ನಿಮ್ಮ ಬಿಲ್, ಬಿಚ್ಚದ ಚೀಟಿ ಮತ್ತು ಹಗ್ಗ ಕೊಂಡ ಬಿಲ್‌ಗಳ ಜೆರಾಕ್ಸ್, ಹಗ್ಗಗಳ ಆರು ಫೋಟೋ